ಎಳ್ಳಮಾವಾಸ್ಯೆಯ ದೀಪ, ಹೊಲದ ಕೆಳಗಿನ ಪೈಪು

ವಾಡಿಯಲ್ಲಿ ನನ್ನ ತವರುಮನೆ ರೈಲುಹಳಿಗೆ ಎಷ್ಟು ಹತ್ತಿರವಿತ್ತೆಂದರೆ, ಅಂಗಳದಲ್ಲಿ ಒಣಹಾಕಿದ ಸೀರೆ ಗಾಳಿಗೆ ಹಾರಿದರೆ ಹಳಿಯ ಮೇಲೆಯೇ ಹೋಗಿ ಬೀಳುತ್ತಿತ್ತು. ಪೆಟ್ರೋಲು, ಡೀಸೆಲ್ ಎಣ್ಣೆ ತುಂಬಿದ ಗೂಡ್ಸ್ ಗಾಡಿಗಳು ಸಿಗ್ನಲ್‌ಗಾಗಿ ತಾಸುಗಟ್ಟಲೆ ಅಲ್ಲೇ ನಿಲ್ಲುತ್ತಿದ್ದವು. ನಾವು ಅವಕ್ಕೆ ಟಾಕಿ ಗಾಡಿ ಎನ್ನುತ್ತಿದ್ದೆವು. ಟಾಕಿ ಗಾಡಿ ಬಂದು ನಿಂತಿತೆಂದರೆ ಅವ್ವ ಉರಿಯುವ ಒಲೆಗೆ ನೀರು ಸುರಿದುಬಿಡುತ್ತಿದ್ದಳು. ಓಣಿಯ ಬೇರೆ ಮನೆಗಳಲ್ಲೆಲ್ಲ ಹೊಗೆ ಏಳುತ್ತಿತ್ತು, ನಮ್ಮ ಮನೆಯ ಅನ್ನ ಮಾತ್ರ ಅರ್ಧ ಬೆಂದು ಕೂತಿರುತ್ತಿತ್ತು. ಅವ್ವ ಸಣ್ಣವಳಿದ್ದಾಗ ಪಕ್ಕದ ಮನೆಯಾಕೆಯ ಸೀರೆಗೆ ಸ್ಟೋವಿನ ಬೆಂಕಿ ಹತ್ತಿದ್ದನ್ನು ಕಣ್ಣಾರೆ ಕಂಡಿದ್ದಳಂತೆ. ಆ ಭಯವನ್ನು ಆಕೆ ನನಗೆ ಹಾಲಿನ ಜೊತೆಗೇ ಕುಡಿಸಿದಳು. ಎಂಟು ಹತ್ತು ವರ್ಷದವಳಾಗುವ ಹೊತ್ತಿಗೆ, ಕಣ್ಣುಮುಚ್ಚಿ ಮಲಗಿದ್ದರೂ ಹೊರಗೆ ನಿಂತದ್ದು ಕಲ್ಲಿದ್ದಲಿನ ಗಾಡಿಯೋ ಟಾಕಿ ಗಾಡಿಯೋ ಎಂದು ವಾಸನೆಯಿಂದಲೇ ಹೇಳುತ್ತಿದ್ದೆ.

ಚಿತ್ತಾಪುರದಾಚೆ, ಗುಂಡಗುರ್ತಿ ಕಡೆಯ ಒಂದು ಹಳ್ಳಿಗೆ ನನ್ನನ್ನು ಕೊಟ್ಟಾಗ ನಾನು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟೆ. ಅಲ್ಲಿ ರೈಲಿಲ್ಲ, ಟಾಕಿ ಇಲ್ಲ. ಕಣ್ಣು ಹಾಯಿಸಿದಷ್ಟೂ ಕರಿ ಹೊಲ, ತೊಗರಿ, ಬಿಳಿಜೋಳ. ಆದರೆ ಹಣೆಬರಹ ಅಂಬೋದು ಬೆನ್ನುಬಿಡುವುದಿಲ್ಲ ನೋಡಿ. ಕೆಲವು ವರ್ಷಗಳಾದ ಮೇಲೆ ಎಣ್ಣೆಯೇ ನನ್ನನ್ನು ಹುಡುಕಿಕೊಂಡು ನಮ್ಮ ಹೊಲಕ್ಕೆ ಬಂತು. ಎಣ್ಣೆ ಕಂಪನಿಯ ದೊಡ್ಡ ದೊಡ್ಡ ಯಂತ್ರಗಳು ಬಂದು ಹೊಲವನ್ನು ಸೀಳಿದವು, ಪೈಪು ಇಳಿಸಿದವು, ಮಣ್ಣು ಮುಚ್ಚಿದವು. ಮರುವರ್ಷ ಅದರ ಮೇಲೆಯೇ ಜೋಳ ಬೆಳೆಯಿತು. ಗುರುತಿಗೆಂದು ಒಂದು ಹಳದಿ ಕಂಬ ಉಳಿಯಿತು, ಅಷ್ಟೆ.

ಪೈಪು ಇಳಿಸಿದಾಗ ಬಂದಿದ್ದ ಕಂಪನಿಯ ಸಾಹೇಬರು ಎಲ್ಲರನ್ನೂ ಕೂಡಿಸಿ ಹೇಳಿದ್ದರು: ಪೈಪಿನ ಮೇಲೆ ಬಾವಿ ತೋಡಬಾರದು, ಮನೆ ಕಟ್ಟಬಾರದು, ಗಿಡ ಹಚ್ಚಬಾರದು. ನಾನು ಸೆರಗು ಹೊದ್ದುಕೊಂಡು ಹಿಂದಿನಿಂದ ಕೇಳಿದೆ, "ಬೆಂಕಿ ಬಗ್ಗೆ ಏನ್ರೀ?"

"ಹಸಿ ಹೊಲದಾಗ ಬೆಂಕಿ ಯಾರು ಹಚ್ಚತಾರ್ರೀ ಅಕ್ಕಾರ?" ಎಂದು ಅವರು ನಕ್ಕರು. ನಮ್ಮವರೂ ನಕ್ಕರು.

ಹಚ್ಚುತ್ತಿದ್ದೆವು. ವರ್ಷವರ್ಷವೂ ಹಚ್ಚುತ್ತಿದ್ದೆವು. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಜೋಳದ ಕಣಕಿಯ ಒಣದಂಟಿನಿಂದ ಒಂದು ಸಣ್ಣ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ದೀಪ ಹಚ್ಚಿಡುತ್ತೇವೆ. ಆಮೇಲೆ ಭೂಮಿತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತೇವೆ. ಆ ಐದು ಕಲ್ಲುಗಳ ಜಾಗ ಸರಿಯಾಗಿ ಪೈಪಿನ ನೆತ್ತಿಯ ಮೇಲಿತ್ತು. ಇಷ್ಟಾದರೂ ಸಾಹೇಬರ ಮುಂದೆ ಯಾರೊಬ್ಬರೂ ಬಾಯಿ ಬಿಡಲಿಲ್ಲ. ಮುಚ್ಚಿಡಬೇಕೆಂದಲ್ಲ, ದೀಪವನ್ನು ನಾವು ಯಾರೂ ಬೆಂಕಿ ಎಂದು ಎಣಿಸುವುದಿಲ್ಲ. ಒಲೆಯಲ್ಲಿರುವುದು ಬೆಂಕಿ, ದೇವರ ಮುಂದಿರುವುದು ದೀಪ. ನನಗೂ ಅದು ಹೊಳೆದದ್ದು ಮನೆಗೆ ಬಂದು ರೊಟ್ಟಿ ಬಡಿಯುವಾಗ. ಕಲ್ಲುಗಳನ್ನು ಬೇರೆ ಕಡೆ ಇಡೋಣವೆಂದು ಅತ್ತೆಗೆ ಹೇಳಿದೆ. "ಜಾಗಾ ಬದಲ್ ಮಾಡಿದ್ರ ದೇವ್ರು ಎಲ್ಲಿಗಿ ಬಂದು ಉಣ್ಣಬೇಕು?" ಎಂದು ಬಾಯಿ ಮುಚ್ಚಿಸಿದರು.

ಅಂದಿನಿಂದ ಹೊಲದಲ್ಲಿ ನಾನು ನೆಮ್ಮದಿಯಿಂದ ಕಾಲಿಟ್ಟದ್ದಿಲ್ಲ. ಕಳೆ ತೆಗೆಯುವಾಗಲೂ ಮೂಸುತ್ತಿದ್ದೆ. ನಮ್ಮ ಕಾಲಕೆಳಗೆ ಹರಿಯುವ ಎಣ್ಣೆ ಎಲ್ಲೆಲ್ಲಿಯ ಕಾರುಗಳಿಗೋ ಹೋಗುತ್ತದೆ, ಅದರಲ್ಲಿ ಒಂದು ಹನಿಯೂ ನಮ್ಮದಲ್ಲ. ಹಾಗೊಮ್ಮೆ ಆ ಹನಿ ನಮಗೆ ಸಿಕ್ಕಿತೆಂದರೆ ಅವತ್ತೇ ನಮ್ಮ ಕಥೆ ಮುಗಿಯಿತು. ದೇಶಕ್ಕೆ ಎಣ್ಣೆ ಬೇಕು, ನಾನೇನು ಬೇಡವೆನ್ನುತ್ತಿಲ್ಲ, ನಮ್ಮ ಮನೆಯವರ ಮೋಟರ್ ಸೈಕಲ್ ನೀರು ಕುಡಿದು ಓಡುತ್ತದೆಯೇ? ಆದರೆ ಹೆದರಿಕೆಯನ್ನೆಲ್ಲ ಒಬ್ಬರ ಹೊಲದಲ್ಲಿ ಹೂತು ಹೋಗುವುದು ಯಾವ ನ್ಯಾಯ?

ಎಣ್ಣೆ ಸೋರುತ್ತಿದೆ ಎಂದು ಎರಡು ಸಲ ನಾನು ಗುಲ್ಲೆಬ್ಬಿಸಿದ್ದೂ ಹೌದು. ಪೈಪಿನುದ್ದಕ್ಕೂ ದಿನಾ ನಡೆದು ಕಾಯುವ ಒಬ್ಬ ಮನುಷ್ಯನಿದ್ದ. ಎರಡು ಸಲವೂ ಅವನು ಎದ್ದುಬಿದ್ದು ಓಡಿಬಂದ. ಒಮ್ಮೆ ಅದು ಪಕ್ಕದ ಹೊಲದವರ ಔಷಧಿ ಹೊಡೆಯುವ ಪಂಪಿನ ಪೆಟ್ರೋಲ್, ಇನ್ನೊಮ್ಮೆ ಬದುವಿನ ಮೇಲೆ ನಿಂತ ನಮ್ಮದೇ ಮೋಟರ್ ಸೈಕಲ್. "ಸರ್ಕಾರಕ್ಕ ಹೇಳಿ ನಿನ್ನ ಮೂಗಿಗಿ ಒಂದು ಪಗಾರ ಹಚ್ಚಿಸಬೇಕು ನೋಡು," ಎಂದು ಮನೆಯವರು ಊರ ತುಂಬ ನಗಾಡಿದರು. ಹಗ್ಗ ಕಂಡರೆ ಹಾವೆನ್ನುವ ಹೆಂಗಸು ಎಂದು ನನ್ನ ಹೆಸರು ಕೆಟ್ಟಿತು.

ಮೂರನೆಯ ಸಲ ನಡೆದದ್ದೇ ಬೇರೆ. ಆ ವರ್ಷ ಎಳ್ಳಮಾವಾಸ್ಯೆಗೆ ಮುಂಚೆ, ಕಲ್ಲುಗಳ ಸುತ್ತ ಒಂದು ಹಾಸಿಗೆಯಷ್ಟಗಲ ಜೋಳ ಹಳದಿಯಾಗಿ ಬಾಡಿತು. ಹೋದ ವರ್ಷ ಪೂಜೆಯಲ್ಲಿ ಏನೋ ಕಡಿಮೆಯಾಗಿದೆ, ಭೂಮಿತಾಯಿ ಮುನಿದಿದ್ದಾಳೆ ಎಂದು ಅತ್ತೆ ನಿಶ್ಚಯಿಸಿದರು. ತಪ್ಪುಕಾಣಿಕೆಗೆಂದು ಸಣ್ಣ ಪಣತಿ ಬಿಟ್ಟು ಐದು ಬತ್ತಿಯ ದೊಡ್ಡ ದೀಪ ತಂದರು, ಹೊತ್ತು ಮುಳುಗುವವರೆಗೂ ಉರಿಯಲೆಂದು. ಅತ್ತೆ ಕೊಂಪೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನನ್ನ ಮಗಳು. ನಾನು ಅಂಬಲಿಯ ಗಡಿಗೆ ಇಳಿಸಲು ಬಾಗಿದೆ. ಬಾಗಿದವಳಿಗೆ ಮಣ್ಣಿನಿಂದ ಆ ವಾಸನೆ ಬಂತು. ವಾಡಿಯ ವಾಸನೆ.

"ಅತ್ತಿ, ಹಚ್ಚಬ್ಯಾಡ್ರಿ!"

"ಮತ್ತ ಸುರು ಆಯ್ತು ನೋಡು ಈಕಿದು," ಎಂದರು ಮನೆಯವರು. ಅತ್ತೆ ಕಡ್ಡಿ ಗೀರಿದರು. ಅದು ಹತ್ತದೆ ಮುರಿಯಿತು. ಎರಡನೆಯದನ್ನು ತೆಗೆದರು. ನಾನು ಹಿಂದೆಮುಂದೆ ನೋಡಲಿಲ್ಲ. ಗಡಿಗೆಯ ಅಂಬಲಿಯನ್ನೆಲ್ಲ ದೀಪದ ಮೇಲೆ, ಕಡ್ಡಿಪೆಟ್ಟಿಗೆಯ ಮೇಲೆ, ಅತ್ತೆಯ ಕೈಮೇಲೆ ಸುರಿದುಬಿಟ್ಟೆ. ಪಾಂಡವರೂ ಅಂಬಲಿಯಲ್ಲಿ ಮಿಂದರು.

ಹಬ್ಬದ ದಿನ ದೇವರ ದೀಪಕ್ಕೆ ಅಂಬಲಿ ಸುರಿದ ಸೊಸೆ! ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳಲಾರಂಭಿಸಿದರು. ಮನೆಯವರು ಸಿಟ್ಟಿನಲ್ಲಿ ದೂರದ ಬದುವಿಗೆ ಹೋಗಿ ಆ ಕಾಯುವವನಿಗೆ ಫೋನ್ ಮಾಡಿದರು, ಈ ಸಲವಾದರೂ ನನ್ನ ಮೂಗಿನ ಬಂಡವಾಳ ಎಲ್ಲರೆದುರು ಬಯಲಾಗಲಿ ಎಂದು. ಅವನು ಈ ಸಲ ಓಡಿಬರಲಿಲ್ಲ, ನಡೆದುಕೊಂಡು ಬಂದ. ಬಂದವನು ಮಣ್ಣಿಗೆ ಬಾಗಿದ. ಎದ್ದವನೇ ದನಿ ತಗ್ಗಿಸಿ ಹೇಳಿದ:

"ಎಲ್ಲಾರೂ ಏಳ್ರಿ. ಗಾಡಿ ಚಾಲು ಮಾಡಬ್ಯಾಡ್ರಿ, ಫೋನ್ ತೆಗೀಬ್ಯಾಡ್ರಿ. ಬುತ್ತಿ ಅಲ್ಲೇ ಬಿಡ್ರಿ, ಸುಮ್ಮ ನಡ್ಕೊಂತ ಹೋಗ್ರಿ."

ನಾವು ಹೋದೆವು. ನಾನು ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಕೆಯ ಬಳೆ ಒಡೆದು ಚರ್ಮಕ್ಕೆ ಚುಚ್ಚಿತ್ತು. ಆಕೆ ಅದನ್ನು ಹೇಳಿದ್ದು ಊರು ಮುಟ್ಟಿದ ಮೇಲೆ. ಆಮೇಲೆ ಕಂಪನಿಯ ಮಂದಿ ಬಂದು ಅಗೆದರು, ರಿಪೇರಿ ಮಾಡಿದರು. ಪೈಪಿನಲ್ಲಿ ಬಿದ್ದಿದ್ದ ತೂತು ಒಂದು ಜೋಳದ ಕಾಳಿನಷ್ಟಿತ್ತಂತೆ.

ಮರುವರ್ಷ ಅತ್ತೆ ತಾವೇ ಕಲ್ಲುಗಳನ್ನು ಹೊತ್ತು ದೂರದ ಬದುವಿನ ಹತ್ತಿರ ಇಟ್ಟರು. ಅಷ್ಟಾದರೂ ಕಡ್ಡಿ ಗೀರುವ ಮುಂಚೆ ನನ್ನತ್ತ ತಿರುಗಿ, "ಮೂಸವ್ವಾ," ಎಂದರು. ನಾನು ಮೊಣಕಾಲೂರಿ ಮಣ್ಣು ಮೂಸಿ "ಹಚ್ಚರಿ" ಎಂದ ಮೇಲೆಯೇ ದೀಪ. ಅದೇ ನಮ್ಮ ಮನೆಯ ಪದ್ಧತಿಯಾಯಿತು. ಮೂಗು ಮುರಿದು ನಗುತ್ತಿದ್ದ ಮನೆಯವರೂ ಆಗ ಕೈಕಟ್ಟಿ ನಿಲ್ಲುತ್ತಿದ್ದರು. ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಭಾಳ ಸೇರುತ್ತಿತ್ತು.

ಹೋದ ಮಳೆಗಾಲದಲ್ಲಿ ನನಗೊಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಬರೀ ಚಟಪಟ ಸದ್ದು. ಡಾಕ್ಟರರು ಇವತ್ತಲ್ಲ ನಾಳೆ ಬರುತ್ತದೆ ಎಂದರು. ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂಬುದು ಒಂದು ಕಾರಣ. ಹೇಳಿದರೆ ನನ್ನೊಬ್ಬಳ ಹೆದರಿಕೆ ಎಲ್ಲರ ಹೆದರಿಕೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡದ್ದು ಇನ್ನೊಂದು.

ಎಳ್ಳಮಾವಾಸ್ಯೆ ಬಂತು. ಕೊಂಪೆ ಕಟ್ಟಿಯಾಯಿತು, ಸುಣ್ಣ ಬಳಿದಾಯಿತು. ಅತ್ತೆ ದೀಪಕ್ಕೆ ಎಣ್ಣೆ ಬಿಟ್ಟು ಬತ್ತಿ ತಿದ್ದಿದರು. ಮಗಳು ತಟ್ಟೆ ಹಿಡಿದು ದೀಪಕ್ಕೆ ಒಂದೇ ಗೇಣು ದೂರದಲ್ಲಿ ಕೂತಿದ್ದಳು.

"ಮೂಸವ್ವಾ," ಎಂದರು ಅತ್ತೆ.

ನಾನು ಬಾಗಿದೆ. ಏನೂ ಇಲ್ಲ. ಒದ್ದೆ ಮಣ್ಣಿನ ವಾಸನೆಯೂ ಇಲ್ಲ. ಮತ್ತೆ ಮೂಸಿದೆ. "ಹಚ್ಚರಿ" ಎನ್ನಲು ಒಂದು ಗಳಿಗೆ ಸಾಕಿತ್ತು, ಬಾಯಿಯವರೆಗೂ ಬಂದಿತ್ತು. ಮಗಳ ಕೈಮೇಲಿನ ಬಳೆಗಾಯದ ಕಲೆ ಕಣ್ಣಿಗೆ ಬಿತ್ತು.

"ಅತ್ತಿ, ನನ್ನ ಮೂಗು ಹೋಗ್ಯದ್ರಿ. ಆ ಜ್ವರದಾಗ ಹೋಗ್ಯದ. ಇಲ್ಲಿ ಎಣ್ಣಿ ಸೋರಲಿಕತ್ತಿದ್ರೂ ನಂಗ ತಿಳಿಯಂಗಿಲ್ಲ."

ಮನೆಯವರು ಕಟ್ಟಿದ್ದ ಕೈ ಬಿಟ್ಟರು. ಅತ್ತೆ ಮಾತ್ರ ಅಲುಗಾಡಲಿಲ್ಲ.

"ಗೊತ್ತದ," ಎಂದರು. "ದೀಪಾವಳಿ ಮುಂದ ಹಾಲು ಹೊತ್ತಿ ಓಣಿ ತುಂಬ ಕಮಟು ವಾಸನಿ ಹೊಡೀಲಿಕತ್ತಿತ್ತು. ನೀ ಒಲಿ ಮುಂದೇ ಕುಂತಿದ್ದಿ."

"ಮತ್ತ ಈಗ ಯಾಕ ಮೂಸು ಅಂದ್ರಿ?"

"ಏನಂತಿ ಅಂತ ನೋಡಾಕ." ಅತ್ತೆ ಸೊಂಟದ ಸಂಚಿ ಬಿಚ್ಚಿ ತೋರಿಸಿದರು. ಎಲೆ ಇತ್ತು, ಅಡಕೆ ಇತ್ತು, ಸುಣ್ಣದ ಡಬ್ಬಿ ಇತ್ತು. ಕಡ್ಡಿಪೆಟ್ಟಿಗೆ ಇರಲಿಲ್ಲ. "ಮನ್ಯಾಗೇ ಬಿಟ್ಟು ಬಂದೀನಿ."

ಹಚ್ಚದ ದೀಪವನ್ನೇ ಪಾಂಡವರ ಮುಂದಿಟ್ಟು ಕೈಮುಗಿದೆವು. ಚರಗ ಚೆಲ್ಲಿದೆವು. ಉಣ್ಣಲು ಕೂತಾಗ ಮಗಳು ಅಜ್ಜಿಯನ್ನು ಕೇಳಿದಳು, "ಆಯಿ, ಇನ್ಮ್ಯಾಲ ಯಾರು ಮೂಸತಾರ?" ಅತ್ತೆ ಆಕೆಯ ತಟ್ಟೆಗೆ ಇನ್ನಷ್ಟು ಭಜ್ಜಿ ಬಡಿಸಿದರು. ನಾನು ರುಚಿಯಿಲ್ಲದ ತುತ್ತು ನುಂಗುತ್ತ ಸುತ್ತಲಿನ ಜೋಳದ ಎಲೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ, ಎಲ್ಲಿಯಾದರೂ ಹಳದಿ ತಿರುಗಿದೆಯೇ ಎಂದು.