ಐದು ಮನೆಯವರು ಮತ್ತು ನಾನು

ಗ್ರೀನ್‌ಫರ್ಡಿನ ಆಯೋಜಕರ ಮನೆಯ ಟಿವಿಯಲ್ಲಿ ನಮ್ಮ ಜೋರ್ಡಾನ್ ಪ್ರವಾಸದ ವಿಡಿಯೊ ಓಡುತ್ತಿತ್ತು. ಮರುಭೂಮಿಯ ಬಂಡೆಸೀಳುಗಳೊಳಗೆ ನಡೆದುಹೋದ ಲಂಡನ್ನಿನ ಐದು ಕನ್ನಡ ಕುಟುಂಬಗಳು, ಮತ್ತು ನಾನು. ಹಿನ್ನೆಲೆಗೆ ಕೊಳಲು ಸೇರಿಸಿದ್ದರು. ಅಲ್ಲಿ ಯಾವ ಕೊಳಲೂ ಇರಲಿಲ್ಲ.

ಬಂಡೆ ಕೆಂಪಗಿತ್ತು ಎಂದು ಬರೆಯಬಹುದು. ಆದರೆ ಆ ಕೆಂಪು ನಾನು ಕಂಡದ್ದೋ ಫೋಟೊಗಳಿಂದ ಬಂದದ್ದೋ ಈಗ ಹೇಳಲಾರೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಬೆನ್ನಚೀಲ ಕಳಚಿ, ಅಡ್ಡ ತಿರುಗಿ, ಉಸಿರು ಬಿಟ್ಟು ನುಸುಳಬೇಕಾದಷ್ಟು ಇಕ್ಕಟ್ಟು. ಸಾಲಿನ ಕೊನೆಯಲ್ಲಿ ನಾನು. ಒಂದು ಕಡೆ ನನ್ನ ಬೂಟು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಲೇಸು ಬಿಚ್ಚಿ ಕಾಲು ಎಳೆದುಕೊಳ್ಳುವಷ್ಟರಲ್ಲಿ ಮುಂದಿನವರ ಮಾತು ಕೇಳದಾಯಿತು. ಕೂಗಿದೆ. ಮುಂದೆ ಎರಡು ಕವಲು, ಯಾವುದರಿಂದಲೂ ಉತ್ತರವಿಲ್ಲ. ದೂರದಲ್ಲೆಲ್ಲೋ ಮಳೆಯಾದರೂ ನೀರು ಇದರೊಳಗೆ ನುಗ್ಗುತ್ತದೆ, ಮೋಡ ಕಂಡರೆ ನಿಲ್ಲಬೇಡಿ ಎಂದು ಗೈಡ್ ಬೆಳಿಗ್ಗೆಯೇ ಹೇಳಿದ್ದ. ತಲೆಯ ಮೇಲಿನ ಗೇಣಗಲದ ಆಕಾಶ ಬೂದುಬಣ್ಣವಾಗಿತ್ತು.

ನೀರು ಬರಲಿಲ್ಲ. ಬರಲಿಲ್ಲವಲ್ಲ ಎಂಬುದೇ ಆ ಐದು ಮನೆಯವರ ವಾದ.

ಹೊರಗೆ ಬಯಲಿನಲ್ಲಿ ನಮ್ಮ ಆಯೋಜಕರು ಲೆಕ್ಕ ಹಾಕಿದ್ದರು. ತಲೆ ಎಣಿಸಿರಲಿಲ್ಲ, ಮನೆ ಎಣಿಸಿದ್ದರು. ಇಲ್ಲಿ ಲಂಡನ್ನಿನಲ್ಲಿ ಯುಗಾದಿ ಊಟಕ್ಕೆ ಎಣಿಸುವ ಹಾಗೆಯೇ. ಐದೂ ಮನೆಯವರು "ಬಂದ್ವಿ" ಅಂದರು. ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಒಂದು ತಟ್ಟೆ ಉಳಿದದ್ದನ್ನು ನೋಡಿ, ಇದು ಯಾರದೆಂದು ಕೇಳಿದವನು ಗೈಡ್. ಹುಡುಕಿಕೊಂಡು ಬಂದವನೂ ಅವನೇ. ಇಪ್ಪತ್ತು ನಿಮಿಷ ಎನ್ನುತ್ತಾರೆ ಅವರು. ಒಂದು ಗಂಟೆ ಎನ್ನುತ್ತೇನೆ ನಾನು. ಎರಡೂ ಸುಳ್ಳಿರಬಹುದು. ನನ್ನನ್ನು ಬಿಟ್ಟು ಉಂಡದ್ದು ಸುಳ್ಳಲ್ಲ.

ಟಿವಿಯಲ್ಲಿ ನಾನು ಗೈಡ್‌ನ ಹಿಂದೆ ಕುಂಟುತ್ತ ಹೊರಬರುತ್ತಿದ್ದೆ. ಆಯೋಜಕರು ವಿವರಣೆ ಕೊಟ್ಟರು: "ನೋಡಿ, ನಮ್ಮ ಅಕ್ಕ ಫೋಟೊ ತೆಗೀತಾ ಅಲ್ಲೇ ಉಳ್ಕೊಂಡ್ಬಿಟ್ಟಿದ್ರು!"

ಎಲ್ಲರೂ ನಕ್ಕರು.

"ನಾನು ಫೋಟೊ ತೆಗೀತಾ ಇರ್ಲಿಲ್ಲ. ನೀವು ನನ್ನನ್ನ ಬಿಟ್ಟು ಬಂದದ್ದು."

"ಅಯ್ಯೋ ಅಕ್ಕ, ತಮಾಷೆಗೆ ಹೇಳ್ದೆ. ಇವರ ಜೊತೆ ಇದೀರ ಅಂತ ಅವರು, ಅವರ ಜೊತೆ ಅಂತ ಇವರು ಅಂದ್ಕೊಂಡಿದ್ರು. ಟೀ ತಗೊಳ್ಳಿ."

"ಎಂತ ತಮಾಷೆ ಮಾರಾಯ್ರೆ? ನಿಮ್ಮ ಮಗಳು ಒಳಗೆ ಉಳಿದಿದ್ರೆ ಚಿತ್ರಾನ್ನ ಗಂಟಲಲ್ಲಿ ಇಳೀತಿತ್ತಾ?"

ಅವರ ಹೆಂಡತಿ ಟಿವಿ ಆರಿಸಿದರು. ಯಾರೂ ತಪ್ಪಾಯಿತು ಅನ್ನಲಿಲ್ಲ. ಆಯೋಜಕರು ಲ್ಯಾಪ್‌ಟಾಪ್ ತೆರೆದು, ಮನೆಗೊಂದು ಸಾಲಿನಂತೆ ಬರೆದ ಮುಂದಿನ ಪ್ರವಾಸದ ಪಟ್ಟಿ ತೋರಿಸಿದರು. "ಈ ಸಲ ನಿಮ್ಮನ್ನ ನಮ್ಮ ಮನೆ ಲೆಕ್ಕಕ್ಕೇ ಸೇರಿಸಿದೀನಿ. ಸಮಾಧಾನ ಆಯ್ತಾ?"

"ಬೇಡ. ನನಗೆ ಬೇರೆ ಸಾಲು ಹಾಕಿ."

"ಒಬ್ರೇ ಇರೋರಿಗೆ ಬೇರೆ ಸಾಲು ಯಾಕಕ್ಕ?"

ಇಲ್ಫರ್ಡಿನಲ್ಲಿ ನನಗೊಂದು ಫ್ಲಾಟಿದೆ, ಕೌನ್ಸಿಲ್ ತೆರಿಗೆಯ ಪತ್ರ ನನ್ನ ಹೆಸರಿಗೇ ಬರುತ್ತದೆ ಎಂದು ನಾಲಿಗೆ ತುದಿಗೆ ಬಂತು. ಅದರ ಬದಲು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡು ಮನೆಗಳ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಒಬ್ಬೊಬ್ಬರ ಹೆಸರನ್ನೂ ಟೈಪ್ ಮಾಡತೊಡಗಿದೆ. ಯಾರೂ ತಡೆಯಲಿಲ್ಲ.

ಆಯೋಜಕರ ಅತ್ತೆಯ ಸರದಿ ಬಂದಾಗ ಕೈ ನಿಂತಿತು. ಜೋರ್ಡಾನಿನಲ್ಲಿ ಇಡೀ ದಿನ ನಮ್ಮೊಡನೆ ನಡೆದವರು. ಅವರನ್ನು ಎಲ್ಲರೂ ಆಂಟಿ ಎನ್ನುತ್ತಿದ್ದೆವು. ಹೆಸರು ನನಗೂ ಗೊತ್ತಿರಲಿಲ್ಲ.

ಎದ್ದು, ಅವರು ಟೀ ಮಾಡುತ್ತಿದ್ದ ಅಡುಗೆಮನೆಗೆ ಹೋಗಿ, ಹೆಸರೇನೆಂದು ಅವರನ್ನೇ ಕೇಳಿದೆ.