ಟೆಂಟಿನೊಳಗೆ ಕೆಂಡ

ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾವು ನಾಲ್ವರು ಭಂಕೂರದಿಂದ ಕಾರಿನಲ್ಲಿ ಹೊರಟೆವು: ನಾನು, ನಮ್ಮವರು, ಏಳು ವರ್ಷದ ಮಗಳು ಸಾನ್ವಿ, ನಮ್ಮ ಅತ್ತೆ. ಚಿಂಚೋಳಿ ತಾಲೂಕಿನ ಐನಾಪುರದ ಬಳಿ ನಮ್ಮವರ ಗೆಳೆಯ ಶರಣಪ್ಪನ ಹೊಲವಿದೆ. ಅಲ್ಲಿ ಟೆಂಟು ಹಾಕಿ ಒಂದು ರಾತ್ರಿ ಇದ್ದು ಬರುವುದೆಂದು ಮಾತಾಗಿತ್ತು. ಅಪ್ಪಣೆಯಿಲ್ಲದೆ ಕಾಡಿನೊಳಗೆ ಟೆಂಟು ಹಾಕುವಂತಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಮೊದಲ ಸಲ ಹೋಗುವವರಿಗೆ ಗುರುತಿನವರ ಹೊಲವೇ ವಾಸಿ. ನೀರು, ಬೆಳಕು ಹತ್ತಿರದಲ್ಲೇ ಇರುತ್ತವೆ, ಕೂಗಿದರೆ ಓಗೊಡುವ ಮನುಷ್ಯನೂ ಇರುತ್ತಾನೆ.

ಹೊಸ ಟೆಂಟನ್ನು ನಮ್ಮವರು ಚೀಲದಿಂದ ತೆಗೆಯದೆ ಹಾಗೇ ಒಯ್ಯುವವರಿದ್ದರು. ನಾನು ಹಟ ಹಿಡಿದು ಹಿಂದಿನ ವಾರ ಮಾಳಿಗೆ ಮೇಲೆ ಒಮ್ಮೆ ಹಾಕಿಸಿದ್ದೆ. ಅರ್ಧ ದಿನ ಹಿಡಿಯಿತು, ಇಬ್ಬರಿಗೂ ಜಗಳವಾಯಿತು, ಆದರೆ ಹೊಲದಲ್ಲಿ ಆಗಬೇಕಿದ್ದ ಜಗಳ ಮನೆಯಲ್ಲೇ ಮುಗಿಯಿತು. ನೀವೂ ಹಾಗೇ ಮಾಡಿ.

ಅತ್ತೆ ನಮ್ಮ ಓಣಿಯ ಬಾಣಂತಿಯರಿಗೆಲ್ಲ ನೀರೆರೆದು, ಮಂಚದ ಕೆಳಗೆ ಕೆಂಡವಿಟ್ಟು ಕಾಸುವವರು. ಸಾನ್ವಿ ಹುಟ್ಟಿದಾಗ ನನ್ನನ್ನೂ ಕಾಸಿದ್ದು ಅವರೇ. ಹೊಲದಲ್ಲಿ ಬಟ್ಟೆಯ ಮನೆ ಕಟ್ಟಿ ಮಲಗುವುದು ಅವರಿಗೆ ಹುಚ್ಚಾಟವಾಗಿ ಕಂಡಿತ್ತು. ‘ಆಯಿ, ನೀನೂ ಬಾ’ ಎಂದು ಮೊಮ್ಮಗಳು ಕರೆದಳೆಂದು ಹೊರಟರು.

ಶಹಾಬಾದ್ ದಾಟಿ ವಾಡಿಗೆ ಬಂದಾಗ ಕಾರಿನ ಗಾಜಿನ ಮೇಲೆ ಸಿಮೆಂಟಿನ ಬಿಳಿ ಧೂಳು ಕೂತಿತ್ತು. ಚಿತ್ತಾಪುರದಲ್ಲಿ ಚಹಾ. ಸೇಡಂನಲ್ಲಿ ಸೂಸ್ಲಾ, ಮಿರ್ಚಿ ಭಜಿ. ಹೋಟೆಲಿನವನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅತ್ತೆಗೆ ಇನ್ನೆರಡು ಭಜಿ ಬಡಿಸಿದ. ದಾರಿ ಒಟ್ಟು ನೂರು ಕಿಲೋಮೀಟರ್ ಮೀರಲಿಕ್ಕಿಲ್ಲ, ಆದರೆ ತಗ್ಗುಗಳಲ್ಲಿ ಎದ್ದು ಬಿದ್ದು ಐನಾಪುರ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಹೊತ್ತಿರುವಾಗಲೇ ತಲುಪಬೇಕು ಎನ್ನುವುದು ನಾನು ಹೇಳುವ ಎರಡನೆಯ ಮಾತು.

ಶರಣಪ್ಪ ತೊಗರಿ ಕಟಾವಾದ ಹೊಲದ ಅಂಚಿನಲ್ಲಿ ಜಾಗ ತೋರಿಸಿದರು. ತೊಗರಿ ಕೂಳೆ ಟೆಂಟಿನ ತಳವನ್ನು ಹರಿಯುತ್ತದೆ. ಎಲ್ಲವನ್ನೂ ಕಿತ್ತು, ಕೆಳಗೆ ತಾಡಪತ್ರಿ, ಮೇಲೆ ಎರಡು ಕೌದಿ ಹಾಸಿದೆವು. ಥಂಡಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಹೆಚ್ಚು ಬರುತ್ತದೆ.

ಹೊತ್ತು ಇಳಿಯುತ್ತಲೇ ಗಾಳಿ ಎದ್ದಿತು. ಸಾನ್ವಿ ನಾಲ್ಕು ಸಲ ಸೀನಿದಳು. ಅತ್ತೆ ಶರಣಪ್ಪನ ಹೊಲದ ಮನೆಯ ಒಲೆಯಿಂದ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತುಂಬಿಸಿಕೊಂಡು ಬಂದರು. ಹೊಗೆಯ ಎಳೆಯೂ ಏಳದಂತಾಗುವವರೆಗೆ ಹೊರಗೆ ಕಾದರು. ಬಾಣಂತಿ ಕೋಣೆಗೆ ಕೆಂಡ ಒಯ್ಯುವುದು ಹಾಗೆಯೇ. ಬಟ್ಟೆಗೆ ಕಿಡಿ ಹತ್ತೀತೆಂದು ನಾನು ಅಂದೆ.

“ಬೂದಿ ಮುಚ್ಚೀನಿ, ಹೊಗಿ ಇಲ್ಲ, ಏನಿಲ್ಲ. ಕೂಸಿಗಿ ಥಂಡಿ ಹತ್ತ್ಯಾದ,” ಎಂದರು ಅತ್ತೆ.

ಬುಟ್ಟಿಯನ್ನು ಮೂಲೆಯಲ್ಲಿಟ್ಟು ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡರು. ಗಾಳಿ ಬರುತ್ತದೆಂದು ನಮ್ಮವರು ಟೆಂಟಿನ ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಬಂದು ಬಾಗಿಲ ಜಿಪ್ಪು ಎಳೆದರು. ನಾನು ಹೊರಗೆ ಮೂರು ಕಲ್ಲಿನ ಒಲೆಯ ಮೇಲೆ ಝುಣಕಕ್ಕೆ ಒಗ್ಗರಣೆ ಹಾಕುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಸಾನ್ವಿ ತಾನೇ ಜಿಪ್ಪು ತೆಗೆದುಕೊಂಡು ಹೊರಬಂದು, ತಲೆ ನೋವೆಂದು ಹೇಳಿ ವಾಂತಿ ಮಾಡಿಕೊಂಡಳು. ಕಾರಿನ ಕುಲುಕಾಟ, ಮೇಲೆ ಸೇಡಂನ ಭಜಿ ಎಂದುಕೊಂಡೆ. ಬಾಯಿ ತೊಳೆಸಿ ಪಕ್ಕದಲ್ಲಿ ಕೂಡಿಸಿಕೊಂಡೆ. ಅತ್ತೆಯನ್ನು ಕೂಗಿದರೆ ಓಗೊಡಲಿಲ್ಲ. ದಣಿದಿದ್ದಾರೆ, ಊಟದ ಹೊತ್ತಿಗೆ ಎಬ್ಬಿಸೋಣವೆಂದು ನಮ್ಮವರು ಎದ್ದು ಹೋಗಿ ಜಿಪ್ಪು ಮತ್ತೆ ಎಳೆದು ಬಂದರು.

ರೊಟ್ಟಿ ಬಿಚ್ಚಿ ತಾಟು ಹಾಕಿದ ಮೇಲೆ ಎಬ್ಬಿಸಲು ಹೋದೆ. ಅತ್ತೆ ಗೋಣು ವಾಲಿಸಿ ಕೂತಿದ್ದರು, ಮುಖ ಕೆಂಪಾಗಿತ್ತು, ಅಲುಗಾಡಿಸಿದರೂ ಎಚ್ಚರವಿಲ್ಲ. ಮಡಿಲಲ್ಲಿ ಸಾನ್ವಿಯ ಶಾಲು ಇತ್ತು. ಶರಣಪ್ಪ, ನಮ್ಮವರು ಸೇರಿ ಹೊರಗೆಳೆದರು. ಉಸಿರಿತ್ತು. ಟೆಂಟು, ಊಟ ಎಲ್ಲವನ್ನೂ ಅಲ್ಲೇ ಬಿಟ್ಟು ಎಲ್ಲರೂ ಚಿಂಚೋಳಿ ಆಸ್ಪತ್ರೆಗೆ ಓಡಿದೆವು.

ಆಕ್ಸಿಜನ್ ಹಚ್ಚಿದ ಡಾಕ್ಟರು ನಮ್ಮ ಶಹಾಬಾದ್ ಕಡೆಯವರೇ. ಕೆಂಡಕ್ಕೆ ಹೊಗೆಯೇ ಇರಲಿಲ್ಲವೆಂದು ನಾನು ಹೇಳಿದ್ದಕ್ಕೆ ಅವರು ಅಂದರು:

“ಹೊಗಿ ಕಾಣಲಿಲ್ಲಂದ್ರ ಕೆಂಡದಾಗ ವಿಷಗಾಳಿ ಇಲ್ಲ ಅಂತಲ್ರಿ. ನಿಮ್ಮ ಪರ್ಸಿ ಕಲ್ಲಿನ ಮನ್ಯಾಗ ಮ್ಯಾಲ ಬೆಳಕಿಂಡಿ ಇರ್ತದ, ಅಲ್ಲಿಂದ ಹೊರಗ ಹೋಗ್ತದ. ಟೆಂಟಿನಾಗ ಎಲ್ಲಿಂದ ಹೋಗಬೇಕು?”

ಆ ಬೆಳಕಿಂಡಿಯ ಕೆಳಗೆ ಎಷ್ಟೋ ಕೂಸುಗಳನ್ನು ಕಾಸಿದ ಕೈ ಅತ್ತೆಯದು. ನಾನು ಓದಿದವಳು, ನನಗೂ ಕಿಡಿಯ ಭಯವೊಂದೇ ಇತ್ತು. ಟೆಂಟಿನೊಳಗೆ ಕೆಂಡ, ಒಲೆ ಯಾವುದೂ ಬೇಡ. ಎಷ್ಟೇ ಚಳಿಯಿರಲಿ, ಕಿಟಕಿ ತೆರೆದಿರಲಿ. ಒಳಗಿದ್ದವರಿಗೆ ತಲೆ ನೋವು ಬಂದರೆ ಮೊದಲು ಎಲ್ಲರನ್ನೂ ಹೊರಗೆ ತನ್ನಿ, ಕಾರಣ ಆಮೇಲೆ ಹುಡುಕಿ. ಈ ಬರಹದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಅತ್ತೆಯನ್ನೂ ಸಾನ್ವಿಯನ್ನೂ ಚಿಂಚೋಳಿಯಿಂದ ಕಲಬುರಗಿಗೆ ಸಾಗಿಸಿದರು. ಸಾನ್ವಿ ಮರುದಿನವೇ ಆರಾಮಾದಳು. ಅತ್ತೆ ಕಣ್ಣು ತೆರೆಯಲು ಬಹಳ ಕಾಯಿಸಿದರು. ಮಾತು ಬಂತು, ನಡಿಗೆ ಬಂತು. ವಿಷಗಾಳಿಯಿಂದ ಮಿದುಳಿಗೆ ಪೆಟ್ಟಾಗಿದೆ, ಎಷ್ಟು ಮರಳಿ ಬರುತ್ತದೋ ಈಗಲೇ ಹೇಳಲಾಗದು ಎಂದು ಅಲ್ಲಿಯ ಡಾಕ್ಟರು ಮನೆಗೆ ಕಳಿಸಿದರು.

ಶಹಾಬಾದ್ ದಾರಿಯಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಸಾನ್ವಿಯ ಪಕ್ಕದಲ್ಲಿ ಕೂತಿದ್ದರು. ಮಗುವಿನ ಕೈ ಹಿಡಿದು ನೋಡಿ, ತಣ್ಣಗಿದೆಯೆಂದು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕತೊಡಗಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

“ನೀ ಯಾರ ಮಗಳವ್ವಾ? ನಿಮ್ಮ ಮನ್ಯಾಗ ಯಾರ್ಯಾರ ಅದಾರ?”

ಸಾನ್ವಿ ನನ್ನತ್ತ ನೋಡಿದಳು.

“ಅಪ್ಪ ಅದಾನ, ಅವ್ವ ಅದಾಳ,” ಎಂದಳು ಮಗು. “ಆಯಿ ಅದಾಳ.”

“ಆಯಿ ಇದ್ರ ಛಲೋ ಆತು ಬಿಡು. ಥಂಡ್ಯಾಗ ನಿನ್ನ ನೋಡ್ಕೊಳ್ತಾಳ,” ಎಂದು ಅತ್ತೆ ಮತ್ತೆ ಕೈ ತಿಕ್ಕತೊಡಗಿದರು.