ದನಿ ಬಿಟ್ಟುಕೊಡದ ಅರ್ಪೆನಿಕ್ ಮಿರಾಕ್ಯಾನ್

ಆರ್ಮೇನಿಯದ ಸಾಕ್ಷ್ಯಚಿತ್ರರಂಗದಲ್ಲಿ ಕಲ್ಲು, ಚರ್ಚು, ಬೆಟ್ಟಗಳನ್ನು ಚೆಂದವಾಗಿ ತೋರಿಸಿದವರು ಬಹಳ ಮಂದಿ. ಆ ಕಲ್ಲುಗಳ ನಡುವೆ ಬದುಕಿದವರ ಮಾತನ್ನು ಅವರದೇ ಬಾಯಿಂದ ಕೇಳಿಸಬೇಕೆಂದು ನಾಲ್ಕು ದಶಕ ಹಟ ಹಿಡಿದವರು ಶ್ರೀಮತಿ ಅರ್ಪೆನಿಕ್ ಮಿರಾಕ್ಯಾನ್. ಯೆರೆವಾನಿನ ನಮ್ಮ ಸ್ಟುಡಿಯೋದಿಂದ ನಿವೃತ್ತರಾಗುತ್ತಿರುವ ಅವರನ್ನು ಸೌಮ್ಯ ಸ್ವಭಾವದವರೆಂದು ಹೊಗಳಿದರೆ ಮೊದಲು ನಗುವವರು ಅವರೇ.

ಸಂಕಲನ ವಿಭಾಗದ ಸಹಾಯಕಿಯಾಗಿ ಸೇರಿದ್ದ ಅವರಿಗೆ ಎಂಬತ್ತರ ದಶಕದ ಆರಂಭದಲ್ಲಿ ಮೊದಲ ಸ್ವತಂತ್ರ ಚಿತ್ರ ಸಿಕ್ಕಿತು. 1915ರಲ್ಲಿ ಸಾಸೂನ್ ಸೀಮೆಯಲ್ಲಿ ನಡೆದ ಆರ್ಮೇನಿಯನ್ನರ ಕಗ್ಗೊಲೆಯಿಂದ ಬಾಲ್ಯದಲ್ಲೇ ಪಾರಾಗಿ ಅರಾಗಾತ್ಸ್ ಬೆಟ್ಟದ ಬುಡದಲ್ಲಿ ನೆಲೆಸಿದ್ದ ಶೊಗೆರ್ ಅಜ್ಜಿಯ ಕಥೆ ಅದು. ಅರ್ಪೆನಿಕ್ ಆ ಮನೆಯಲ್ಲಿ ತಿಂಗಳುಗಟ್ಟಲೆ ಲವಾಶ್ ರೊಟ್ಟಿ ಲಟ್ಟಿಸಿ, ರೊಟ್ಟಿ ಹರಿದಾಗಲೆಲ್ಲ ಅಜ್ಜಿಯಿಂದ ಬೈಸಿಕೊಂಡು, ಆಮೇಲಷ್ಟೇ ಕ್ಯಾಮೆರಾ ತೆರೆದರು.

ಚಿತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಮಿತಿಯ ಅಧ್ಯಕ್ಷ ಗುರ್ಗೆನ್ ಅದನ್ನು ನೋಡಿ ಮುಖ ಸಿಂಡರಿಸಿದರು. “ಈ ಹಳ್ಳಿ ಭಾಷೆ ಯಾರಿಗಮ್ಮ ಅರ್ಥ ಆಗುತ್ತೆ? ಮುದುಕಿಯ ದನಿ ತೆಗೆದು ಉದ್ಘೋಷಕನ ದನಿ ಹಾಕು. ಇಲ್ಲಾಂದ್ರೆ ಚಿತ್ರ ಡಬ್ಬದಲ್ಲೇ ಕೊಳೆಯುತ್ತೆ.”

“ಅವರ ಬಾಯಿಗೆ ಇನ್ನೊಬ್ಬರ ನಾಲಿಗೆ ಹೊಲಿಯೋಕೆ ನಾನೇನು ದರ್ಜಿಯೇ, ಅಧ್ಯಕ್ಷರೇ?” ಎಂದು ಕೇಳಿ ಅರ್ಪೆನಿಕ್ ಹೊರನಡೆದರು.

ಸಮಿತಿಯೆದುರಿನ ಮರುಪ್ರದರ್ಶನದ ದಿನ ಅವರು ಚಿತ್ರವನ್ನು ದನಿಯೇ ಇಲ್ಲದೆ ಓಡಿಸಿದರು. ಪರದೆಯ ಪಕ್ಕದಲ್ಲಿ, ಬುಟ್ಟಿ ಹಿಡಿದುಕೊಂಡು, ಖುದ್ದು ಶೊಗೆರ್ ಅಜ್ಜಿಯೇ ನಿಂತಿದ್ದರು!

“ನನ್ ದನಿ ಕಿತ್ತಾಕ್ತೀರಂತೆ. ಅದ್ಕೇ ನಾನೇ ಬಂದೆ ಕಣಪ್ಪ,” ಎಂದವರೇ ಬುಟ್ಟಿಯಿಂದ ಹಿಪ್ಪುನೇರಳೆಯ ವೋಡ್ಕಾ ತೆಗೆದು ಎಲ್ಲರ ಲೋಟಕ್ಕೂ ಸುರಿದು, ಸತ್ತವರ ಹೆಸರಿನಲ್ಲಿ ಲೋಟ ಎತ್ತಿದರು. ಆ ಲೋಟ ಎತ್ತಿದ ಮೇಲೆ, ಎತ್ತಿದವರ ಮಾತು ಮುಗಿಯುವ ತನಕ ಕೂರಬಾರದು, ಲೋಟಕ್ಕೆ ಲೋಟ ತಾಗಿಸಬಾರದು, ನಡುವೆ ಬಾಯಿ ಹಾಕಬಾರದು. ಈ ನೇಮವನ್ನು ಮೀರುವ ಎದೆ ನಮ್ಮಲ್ಲಿ ಯಾವ ಅಧಿಕಾರಿಗೂ ಇಲ್ಲ. ಇಡೀ ಸಮಿತಿ ಎದ್ದು ನಿಂತಿತು. ಅಜ್ಜಿ ತಮ್ಮ ಸಾಸೂನ್ ಮಾತಿನಲ್ಲಿ ಗಿರಣಿಯವನನ್ನು, ಅವನ ಹೆಂಡತಿಯನ್ನು, ತೊಟ್ಟಿಲಲ್ಲಿದ್ದ ಕೂಸನ್ನು, ಮನೆಯಿಂದ ಮನೆಗೆ ಹೆಸರು ಹಿಡಿದು ಕರೆಯುತ್ತಾ ಹೋದರು. ಅಬ್ಬಾ, ಆ ದನಿ!

“ಮುಗೀತಾ, ಅಜ್ಜಿ?” ಎಂದು ಲೋಟವನ್ನು ಇನ್ನೊಂದು ಕೈಗೆ ಬದಲಾಯಿಸುತ್ತಾ ಗುರ್ಗೆನ್ ಪಿಸುಗುಟ್ಟಿದರು.

“ಎಲ್ಲಿ ಮಗಾ, ಮೇಲ್ಕೇರಿ ಇನ್ನೂ ಸುರುವೇ ಆಗಿಲ್ಲ! ನಿಂತ್ಕೊ.”

ಚಿತ್ರ ಮುಗಿಯಿತು, ಹೆಸರುಗಳು ಮುಗಿಯಲು ಇನ್ನೂ ಹೊತ್ತು ಹಿಡಿಯಿತು. ಕೊನೆಗೆ ಗುರ್ಗೆನ್ ಲೋಟ ಬರಿದು ಮಾಡಿ, ಯಾರ ಮುಖವನ್ನೂ ನೋಡದೆ ತೀರ್ಪು ಕೊಟ್ಟರು: “ಮುದುಕಿಯ ದನಿ ಇರಲಿ. ಈ ಹುಡುಗಿ ಮಾತ್ರ ನನ್ನ ಕಣ್ಣಿಗೆ ಬೀಳಬಾರದು.”

ಆಮೇಲೆ ವರ್ಷಾನುಗಟ್ಟಲೆ ಅರ್ಪೆನಿಕ್ ಅವರಿಗೆ ಟ್ರ್ಯಾಕ್ಟರು, ಕಾಲುವೆಗಳ ಪ್ರಚಾರಚಿತ್ರಗಳೇ ಗತಿಯಾದವು. ಅವರು ಅಲ್ಲೂ ಬಗ್ಗಲಿಲ್ಲ. ಚಾಲಕರನ್ನೆಲ್ಲ ಅವರವರ ಊರಿನ ಮಾತಿನಲ್ಲೇ ಮಾತಾಡಿಸಿದರು. ನಮ್ಮಂಥ ಕಿರಿಯರು ಮೇಲಿನವರ ಎದುರು ತಡವರಿಸಿದಾಗ ಬೆನ್ನ ಹಿಂದೆ ಬಂದು ನಿಂತು ನಮ್ಮ ಪಾಲಿನ ಬೈಗುಳವನ್ನೂ ತಾವೇ ತಿಂದರು. ಆ ಋಣ ದೊಡ್ಡದು.

ಶೊಗೆರ್ ಅಜ್ಜಿ ಈಗಿಲ್ಲ. ಅವರ ಸಾಸೂನ್ ಮಾತನ್ನಾಡುವವರೂ ಕಡಿಮೆಯಾಗುತ್ತಿದ್ದಾರೆ. ಕಳೆದ ತಿಂಗಳು ಸ್ಟುಡಿಯೋದ ಹೊಸ ನಿರ್ದೇಶಕರು, ಹೆಸರಿಗೆ ನಮ್ಮ ಅಕ್ಕರೆಯ ‘ಜಾನ್’ ಸೇರಿಸಿ, ಬಲು ವಿನಯದಿಂದಲೇ ವಿಚಾರಿಸಿದರು: “ಅರ್ಪೆನಿಕ್ ಜಾನ್, ಟಿವಿಗಾಗಿ ಆ ಚಿತ್ರಕ್ಕೆ ಸ್ಪಷ್ಟವಾದ ಹೊಸ ದನಿ ಕೊಡಿಸೋಣವೇ?”

“ನಾನು ಸತ್ತ ಮೇಲೆ ಬಂದು ಕೇಳಪ್ಪ. ಆಗಲೂ ಬೇಡ ಅಂತೀನಿ.”

ದೇವರು ಅವರಿಗೆ ತುಂಬು ಆಯುಷ್ಯ, ಗಟ್ಟಿ ಗಂಟಲು ಕೊಡಲಿ. ಆ “ಬೇಡ”ವನ್ನು ಅವರು ಇನ್ನೂ ಬಹುಕಾಲ ನಮ್ಮ ಮುಖಕ್ಕೇ ಹೇಳುತ್ತಿರಲಿ.